ಪಿಎಚ್‌ಪಿ ಫಾರ್‌ಈಚ್ ಬಳಸುವವರು ಇದೊಂದನ್ನು ನೋಡಿಕೊಳ್ಳಿ

ಶಿರಸಿಯ ಗೆಳೆಯರೊಬ್ಬರಿಗೆ ಪಿಎಚ್‌ಪಿಯಲ್ಲಿ (ವೆಬ್ ಪುಟ ಮಾಡುವ ಪ್ರೋಗ್ರಾಮಿಂಗ್ ಭಾಷೆ) ಅಡಿಕೆ ದರದ ಪುಟ ಮಾಡಿಕೊಡುತ್ತಿದ್ದೆ. ಅರೇಯಲ್ಲಿ, ಅಂದರೆ ಕೋಡ್‌ನೊಳಗಿನ ಪಟ್ಟಿಯಲ್ಲಿ, ಅಡಿಕೆಯ ಬಗೆಗಳ ದರ: ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು, ಇದೇ ಕ್ರಮದಲ್ಲಿ. ಪುಟ ತೆರೆದರೆ ಕೆಂಪುಗೋಟಿಗೂ ಚಾಲಿಯ ದರವೇ! ಡೇಟಾಬೇಸ್‌ನಲ್ಲಿ ದರ ಸರಿಯಾಗಿಯೇ ಇತ್ತು. ಅರ್ಧ ದಿನ ಹುಡುಕಿದೆ.

ತಪ್ಪಿದ್ದದ್ದು ಲೂಪ್‌ನಲ್ಲಿ. ಕ್ವಿಂಟಾಲ್ ದರವನ್ನು 100ರಿಂದ ಭಾಗಿಸಿ ಕೆ.ಜಿ. ದರ ಮಾಡಲು, ಮೊದಲ ಫಾರ್‌ಈಚ್‌ನಲ್ಲಿ (ಅರೇಯ ಅಂಶಗಳನ್ನು ಒಂದೊಂದಾಗಿ ತೆಗೆದುಕೊಳ್ಳುವ ಲೂಪ್) ದರದ ವೇರಿಯಬಲ್‌ನ ಹೆಸರಿಗೆ ಮೊದಲು ಆಂಪರ್ಸಂಡ್ (&) ಹಾಕಿದ್ದೆ. ಹಾಗೆ ಹಾಕಿದರೆ ಅರೇಯಲ್ಲಿರುವ ಬೆಲೆಯೇ ಬದಲಾಗುತ್ತದೆ, ಅಲ್ವಾ? ಆದರೆ ಲೂಪ್ ಮುಗಿದರೂ ಆ ನಂಟು ಬಿಡುವುದಿಲ್ಲ. ವೇರಿಯಬಲ್ ಕೊನೆಯ ಅಂಶಕ್ಕೆ, ಅಂದರೆ ಕೆಂಪುಗೋಟಿಗೆ, ಅಂಟಿಕೊಂಡೇ ಇರುತ್ತದೆ. ದರ ತೋರಿಸಲು ಅದೇ ಹೆಸರಿನಲ್ಲಿ ಎರಡನೇ ಲೂಪ್ ಓಡಿಸಿದೆ. ರಾಶಿ ಬಂತು, ಅದು ಕೆಂಪುಗೋಟಿನ ಜಾಗಕ್ಕೆ ಹೋಯಿತು. ಆಮೇಲೆ ಬೆಟ್ಟೆ, ಆಮೇಲೆ ಚಾಲಿ. ಕೊನೆಯ ಸರದಿ ಬರುವಷ್ಟರಲ್ಲಿ ಅಲ್ಲಿ ಉಳಿದದ್ದು ಚಾಲಿಯ ದರ.

ಮೊದಲ ಲೂಪ್ ಮುಗಿದ ತಕ್ಷಣ ಆ ವೇರಿಯಬಲ್ ಅನ್ನು ಅನ್‌ಸೆಟ್ ಮಾಡಿ, ಅಂದರೆ ಆ ನಂಟನ್ನು ಕಡಿದುಹಾಕಿ. ಒಂದೇ ಸಾಲು, ಅಷ್ಟು ಸಾಕು. ಪಿಎಚ್‌ಪಿ ಕೈಪಿಡಿಯೂ ಇದನ್ನೇ ಹೇಳುತ್ತದೆ. ಪಿಎಚ್‌ಪಿ 8ಕ್ಕೆ ಬಂದರೂ ಇದು ಬದಲಾಗಿಲ್ಲ, ಎರರ್ ಕೂಡ ತೋರಿಸುವುದಿಲ್ಲ. ಅದಕ್ಕೇ ಭಯ.

ನಾನಂತೂ ಈಗ ಆಂಪರ್ಸಂಡ್ ಹಾಕುವುದನ್ನೇ ಬಿಟ್ಟಿದ್ದೇನೆ. ಫಾರ್‌ಈಚ್‌ನಲ್ಲಿ ಕೀಯನ್ನೂ (ಅರೇಯಲ್ಲಿ ಆ ಅಂಶದ ಗುರುತು) ತೆಗೆದುಕೊಂಡು, ಅರೇಯ ಆ ಕೀಗೆ ನೇರವಾಗಿ ಹೊಸ ದರ ಬರೆಯುತ್ತೇನೆ. ನಾಲ್ಕು ಅಕ್ಷರ ಜಾಸ್ತಿ ಟೈಪ್ ಮಾಡಬೇಕು, ಆದರೆ ಓದುವವರಿಗೆ ಏನು ನಡೆಯುತ್ತಿದೆ ಎಂದು ಕಣ್ಣಿಗೇ ಕಾಣುತ್ತದೆ. ದರದ ಪಟ್ಟಿ, ಬಿಲ್ಲು ಮಾಡುವವರು ಹಳೆಯ ಕೋಡ್‌ನಲ್ಲಿ ಒಮ್ಮೆ ಹುಡುಕಿ ನೋಡಿ.