ಬೂಷ್ಟಿಗೇ ಕಾಯಿಲೆ ಅಂಟಿಸುವುದು ಹೇಗೆ?

ಮರಕ್ಕೆ ರೋಗ ತರುವ ಬೂಷ್ಟಿಗೂ ಕಾಯಿಲೆ ಬರುತ್ತದೆ, ಅದಕ್ಕೂ ವೈರಸ್ ತಗಲುತ್ತದೆ. ಯುರೋಪಿನ ಚೆಸ್ಟ್‌ನಟ್ (ತಿನ್ನುವ ಕಾಯಿ ಬಿಡುವ ಒಂದು ಮರ) ತೋಟಗಳಲ್ಲಿ ಆ ವೈರಸ್ಸನ್ನೇ ಮದ್ದಾಗಿ ಬಳಸುತ್ತಾರೆ.

ಚೆಸ್ಟ್‌ನಟ್ ಮರದ ತೊಗಟೆಯಲ್ಲಿ ಹುಣ್ಣು ಮಾಡುವ ಬೂಷ್ಟು, ಅಂದರೆ ಶಿಲೀಂಧ್ರ, ಕ್ರೈಫೊನೆಕ್ಟ್ರಿಯಾ ಪ್ಯಾರಸಿಟಿಕಾ. ಇದು ಏಷ್ಯಾದ್ದು. 1904ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದ ಮರಗಳಲ್ಲಿ ಕಾಣಿಸಿಕೊಂಡಿತು. ಮುಂದಿನ ಐವತ್ತು ವರ್ಷದಲ್ಲಿ ಅಮೆರಿಕದ ಚೆಸ್ಟ್‌ನಟ್ ಕಾಡುಗಳನ್ನೇ ಮುಗಿಸಿಬಿಟ್ಟಿತು. 1938ರಲ್ಲಿ ಇಟಲಿಯ ಜಿನೋವಾ ಹತ್ತಿರ ಸಿಕ್ಕಿತು. ಅಲ್ಲೂ ಅದೇ ಗತಿ ಅಂತ ಎಲ್ಲರೂ ಅಂದುಕೊಂಡಿದ್ದಾಗ, 1950ರ ದಶಕದ ಶುರುವಿನಲ್ಲಿ ಆಂತೋನಿಯೊ ಬಿರಾಗಿ ಎಂಬ ವಿಜ್ಞಾನಿ ಕೆಲವು ಮರಗಳ ಹುಣ್ಣು ತಾನಾಗೇ ಮಾಯುತ್ತಿರುವುದನ್ನು ಗಮನಿಸಿದರು. ಅಂಥ ಹುಣ್ಣಿನಿಂದ ಫ್ರಾನ್ಸಿನ ಜಾನ್ ಗ್ರಾಂತ್ ಬೆಳೆಸಿದ ಬೂಷ್ಟು ಕಿತ್ತಳೆ ಬಣ್ಣಕ್ಕೆ ತಿರುಗಲೇ ಇಲ್ಲ, ಬೆಳ್ಳಗೇ ಉಳಿಯಿತು. ಒಳಗಿದ್ದದ್ದು ವೈರಸ್ ಅಂತ ಗೊತ್ತಾಗಿದ್ದು ಆಮೇಲೆ.

ಮೊದಲು ಹುಣ್ಣು ನೋಡಿ. ತೊಗಟೆ ಕುಸಿದು ಬಿರುಕುಬಿಟ್ಟು, ಮೇಲೆ ಸಾಸಿವೆಗಿಂತ ಸಣ್ಣ ಕಿತ್ತಳೆ ಗುಳ್ಳೆಗಳಿದ್ದರೆ ರೋಗ ಜೋರಾಗಿದೆ. ತೊಗಟೆ ಎಬ್ಬಿಸಿದರೆ ಬೀಸಣಿಗೆಯಾಕಾರದಲ್ಲಿ ಹರಡಿದ ಮಾಸಲು ಎಳೆಗಳು ಕಾಣುತ್ತವೆ. ಹುಣ್ಣಿನ ಮೇಲ್ಗಡೆಯ ಎಲೆ ಒಣಗಿ ನೇತಾಡುತ್ತಿರುತ್ತದೆ, ಕೆಳಗಡೆ ಹೊಸ ಚಿಗುರು. ತೊಗಟೆ ಉಬ್ಬಿ ಒರಟಾಗಿದ್ದು ಮೇಲ್ಪದರ ಮಾತ್ರ ಕೆಟ್ಟಿದ್ದರೆ ಮುಟ್ಟಬೇಡಿ, ವೈರಸ್ ಆಗಲೇ ಬಂದಿರಬಹುದು.

ಆಮೇಲೆ ಲ್ಯಾಬ್ ಕೆಲಸ. ತೊಗಟೆ ಚೂರು ತಂದು ಆಲೂಗಡ್ಡೆ ಸಾರ ಬೆರೆಸಿದ ಅಗಾರ್ (ಬೂಷ್ಟು ಬೆಳೆಸುವ ಜೆಲ್ಲಿ) ಮೇಲೆ, ಬೆಳಕಿನಲ್ಲಿ ಬೆಳೆಸುತ್ತಾರೆ. ಕಿತ್ತಳೆ ಬಂದರೆ ಗಟ್ಟಿ ಬೂಷ್ಟು, ಬಿಳಿ ಬಂದರೆ ಕಾಯಿಲೆಯದ್ದು.

ಇನ್ನು ಮುಂದಿನದೇ ಅಸಲಿ ವಿಷಯ, ಇಲ್ಲಿ ಅವಸರ ಮಾಡಿದರೆ ಉಳಿದದ್ದೆಲ್ಲ ದಂಡ. ಈ ವೈರಸ್ಸಿಗೆ ಹೊರಗಿನ ಕವಚವೇ ಇಲ್ಲ, ಹಾಗಾಗಿ ನೀರಲ್ಲಿ ಕಲಸಿ ಸಿಂಪಡಿಸಿದರೆ ಏನೂ ಆಗುವುದಿಲ್ಲ. ಎರಡು ಬೂಷ್ಟಿನ ಎಳೆಗಳು ಒಂದಕ್ಕೊಂದು ಬೆಸೆದುಕೊಂಡಾಗ ಮಾತ್ರ ಅದು ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. ಆದರೆ ಎಲ್ಲ ಬೂಷ್ಟೂ ಎಲ್ಲದರ ಜೊತೆ ಬೆಸೆಯುವುದಿಲ್ಲ. ಅವುಗಳಲ್ಲೂ ಗುಂಪುಗಳಿವೆ. ಒಂದೇ ತಟ್ಟೆಯಲ್ಲಿ ನಿಮ್ಮ ಮರದ ಬೂಷ್ಟನ್ನೂ ಬಿಳಿ ಬೂಷ್ಟನ್ನೂ ಅಕ್ಕಪಕ್ಕ ಬೆಳೆಸಿ ನೋಡಬೇಕು. ಒಂದೇ ಗುಂಪಿನವಾದರೆ ಸೇರಿಕೊಳ್ಳುತ್ತವೆ. ಬೇರೆಯಾದರೆ, ಕೂಡುವ ಜಾಗದಲ್ಲಿ ಜೀವಕೋಶಗಳು ಸತ್ತು, ಹೊಲದ ಬದುವಿನ ಹಾಗೆ ಒಂದು ಗೆರೆ ನಿಲ್ಲುತ್ತದೆ. ಹಾಗಾಗಿ ನಿಮ್ಮ ತೋಟದ ಗುಂಪಿಗೇ ಸೇರಿದ ಬಿಳಿ ಬೂಷ್ಟು ಬೇಕು. ವೈರಸ್ ಎಷ್ಟು ಜೋರು ಅಂತ ಕೇಳುವವರೇ ಜಾಸ್ತಿ, ಕೇಳಬೇಕಾದ್ದು ಇದನ್ನು.

ಸರಿಯಾದ್ದು ಸಿಕ್ಕಿದರೆ ಉಳಿದದ್ದು ಸುಲಭ. ಮರ ಚಿಗುರಿ ಬೆಳೆಯುವ ಕಾಲದಲ್ಲಿ, ಹುಣ್ಣಿನ ಅಂಚಿನ ಸುತ್ತಲೂ ಸಣ್ಣ ಸಣ್ಣ ತೂತು ಕೊರೆಯಿರಿ, ತೊಗಟೆ ದಾಟಿ ಮರಕ್ಕೆ ತಾಗುವಷ್ಟು ಆಳ. ಪ್ರತಿ ತೂತಿಗೂ ಬಿಳಿ ಬೂಷ್ಟಿನ ಪೇಸ್ಟ್ ತುಂಬಿ, ಒಣಗದಂತೆ ಟೇಪ್ ಸುತ್ತಿ. ಹುಣ್ಣು ಕೊಂಬೆಯನ್ನು ಪೂರ್ತಿ ಬಳಸಿದ್ದರೆ ಸುಮ್ನೆ ಕಷ್ಟಪಡಬೇಡಿ, ಕತ್ತರಿಸಿ. ವೈರಸ್ ಬೂಷ್ಟನ್ನು ಕೊಲ್ಲುವುದಿಲ್ಲ, ಸೊರಗಿಸುತ್ತದೆ ಅಷ್ಟೇ. ಆ ಬಿಡುವಿನಲ್ಲಿ ಮರ ತನ್ನ ಗಾಯಕ್ಕೆ ತಾನೇ ಹೊಸ ತೊಗಟೆ ಕಟ್ಟಿಕೊಳ್ಳುತ್ತದೆ.

ಮರುವರ್ಷವೂ ಸುತ್ತು ಹಾಕಲೇಬೇಕು. ಮಳೆಹನಿಯಲ್ಲಿ ಸಿಡಿಯುವ ಬೀಜಕಣಗಳಲ್ಲಿ ವೈರಸ್ ಹೋಗುತ್ತದೆ, ಆದರೆ ಗಾಳಿಯಲ್ಲಿ ತೇಲುವ, ಎರಡು ಬೂಷ್ಟು ಕೂಡಿ ಹುಟ್ಟುವ ಬೀಜಕಣಗಳಿಗೆ ಅದು ಸೇರುವುದಿಲ್ಲ. ಅಲ್ಲಿಂದ ಮತ್ತೆ ಕಿತ್ತಳೆ ಹುಣ್ಣು ಶುರುವಾಗಬಹುದು.

ಅಂದಹಾಗೆ, ನಮ್ಮ ಅಡಿಕೆಯ ಕೊಳೆರೋಗಕ್ಕೂ ಇದನ್ನೇ ಹಚ್ಚಬಹುದಲ್ವಾ ಅಂತ ಅನ್ನಿಸಿದರೆ, ಆಗುವುದಿಲ್ಲ. ಅದನ್ನು ತರುವ ಫೈಟಾಫ್ತೊರ ನಿಜವಾದ ಶಿಲೀಂಧ್ರವೇ ಅಲ್ಲ.

ಅಮೆರಿಕದಲ್ಲಿ ಈ ಉಪಾಯ ಅಷ್ಟಾಗಿ ಕೈಹಿಡಿಯಲಿಲ್ಲ. ಅಲ್ಲಿನ ಕಾಡುಗಳಲ್ಲಿ ಬೂಷ್ಟಿನ ಗುಂಪುಗಳು ಬಹಳ, ವೈರಸ್ ದಾಟುವುದೇ ಕಷ್ಟ. ಅದಕ್ಕೇ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಆ ಗೆರೆ ಹಾಕಿಸುವ ಜೀನ್‌ಗಳನ್ನೇ ಕೆಡಿಸಿ, ಬೇರೆ ಗುಂಪುಗಳಿಗೂ ವೈರಸ್ ದಾಟಿಸಬಲ್ಲ ಬೂಷ್ಟನ್ನು ತಯಾರಿಸಿ 2016ರಲ್ಲಿ ಪ್ರಕಟಿಸಿದರು.