ಮುಳ್ಳು 60, ಮೊಬೈಲು 63

ನನ್ನದು 1998ರ ಮಾರುತಿ 800. ಸೆಕೆಂಡ್ ಹ್ಯಾಂಡ್ ತಗೊಂಡು ಎರಡು ತಿಂಗಳಾಗಿತ್ತು. ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಹೋಗುವಾಗ ಪಕ್ಕದಲ್ಲಿ ಕೂತ ತಮ್ಮ ಮೊಬೈಲಿನ ಜಿಪಿಎಸ್ ನೋಡಿ, "ಅಣ್ಣಾ, ಎಷ್ಟರಲ್ಲಿ ಹೋಗ್ತಿದೀಯ?" ಅಂದ. "ಅರವತ್ತು" ಅಂದೆ. "ಇಲ್ಲಿ ಅರವತ್ಮೂರು ಇದೆಯಲ್ಲ!"

ಮೂರೇ ತಾನೆ ಅಂತ ಬಿಡೋ ಹಾಗಿಲ್ಲ. ಸ್ಪೀಡೋಮೀಟರ್ ಜಾಸ್ತಿ ತೋರಿಸಿದರೆ ಸ್ವಲ್ಪ ಮಟ್ಟಿಗೆ ಪರವಾಗಿಲ್ಲ, ಕಡಿಮೆ ತೋರಿಸಲೇಬಾರದು. ವಿಶ್ವಸಂಸ್ಥೆಯ 39ನೇ ವಾಹನ ನಿಯಮವೂ ಇದನ್ನೇ ಹೇಳುತ್ತದೆ. ಕಾರು ನಿಜವಾಗಿ 100ರಲ್ಲಿ ಹೋಗುತ್ತಿದ್ದರೆ ಮುಳ್ಳು 114ರವರೆಗೆ ತೋರಿಸಬಹುದು, 99 ತೋರಿಸುವಂತಿಲ್ಲ.

ಗ್ಯಾರೇಜಿನಲ್ಲಿ "ಮೀಟರ್ ಹೋಗಿದೆ, ಹೊಸದು ಹಾಕ್ಬೇಕು" ಅಂದರು. ನನಗೆ ನಂಬಿಕೆ ಬರಲಿಲ್ಲ. ಈ ಕಾರಿನಲ್ಲಿ ಗೇರ್‌ಬಾಕ್ಸಿನಿಂದ ಬರುವ ಒಂದೇ ಕೇಬಲ್ ಎರಡು ಕೆಲಸ ಮಾಡುತ್ತದೆ. ಒಂದು ಕಡೆ ಅಯಸ್ಕಾಂತವನ್ನು ತಿರುಗಿಸುತ್ತದೆ. ಅದು ಮುಳ್ಳಿಗೆ ಜೋಡಿಸಿದ ಅಲ್ಯೂಮಿನಿಯಂ ಬಟ್ಟಲನ್ನು ಎಳೆಯುತ್ತದೆ, ಕೂದಲೆಳೆಯಂಥ ಸ್ಪ್ರಿಂಗ್ ಹಿಂದಕ್ಕೆ ಜಗ್ಗುತ್ತದೆ, ಆ ಎಳೆದಾಟದಲ್ಲಿ ಮುಳ್ಳು ನಿಲ್ಲುತ್ತದೆ. ಇನ್ನೊಂದು ಕಡೆ ಓಡಿದ ದೂರ ತೋರಿಸುವ ಓಡೋಮೀಟರಿನ ಅಂಕಿಗಳನ್ನು ಹಲ್ಲುಚಕ್ರಗಳ ಮೂಲಕ ತಿರುಗಿಸುತ್ತದೆ. ಅಯಸ್ಕಾಂತವೋ ಸ್ಪ್ರಿಂಗೋ ಸೊರಗಿದರೆ ಮುಳ್ಳು ಮಾತ್ರ ತಪ್ಪುತ್ತದೆ, ಓಡೋಮೀಟರ್ ಸರಿಯಾಗೇ ಇರುತ್ತದೆ. ಎರಡೂ ಒಂದೇ ಲೆಕ್ಕದಲ್ಲಿ ತಪ್ಪಿದರೆ ದೋಷ ಮೀಟರಿನಲ್ಲಿ ಇರೋದು ಕಷ್ಟ, ಕೆಳಗೆ ಚಕ್ರದ ಕಡೆ ಹುಡುಕಬೇಕು.

ಮರುದಿನ ಬೆಳಗ್ಗೆ ಬೇಗ, ಹೈವೇ ಖಾಲಿ ಇರುವಾಗ ಹೋದೆವು. ಮುಳ್ಳನ್ನು 60ಕ್ಕೇ ಹಿಡಿದು ಓಡಿಸಿದೆ. ತಮ್ಮ ಕಿಲೋಮೀಟರ್ ಕಲ್ಲುಗಳನ್ನು ನೋಡಿಕೊಂಡು ಸ್ಟಾಪ್‌ವಾಚ್ ಒತ್ತುತ್ತಾ ಹೋದ. ಒಂದು ಕಲ್ಲು ಅಲ್ಲಿ ಇಲ್ಲಿ ಸರಿದಿರಬಹುದು, ಅದಕ್ಕೆ ಹತ್ತು ಕಿಲೋಮೀಟರ್ ಅಳೆದೆವು. ಸರಾಸರಿ ಕಲ್ಲಿಂದ ಕಲ್ಲಿಗೆ 57 ಸೆಕೆಂಡ್. 3600ನ್ನು 57ರಿಂದ ಭಾಗಿಸಿದರೆ 63. ಮೊಬೈಲ್ ಹೇಳಿದ್ದು ಸರಿ. ಆದರೆ ನನ್ನ ಕಣ್ಣಿದ್ದದ್ದು ಓಡೋಮೀಟರ್ ಮೇಲೆ. ಹತ್ತು ಕಿಲೋಮೀಟರಿಗೆ ಅದು ಓಡಿದ್ದು ಒಂಬತ್ತೂವರೆ!

ಅಲ್ಲೇ ಬದಿಗೆ ನಿಲ್ಲಿಸಿ ಮುಂದಿನ ಟೈರಿನ ಮೇಲಿನ ಮಣ್ಣು ಒರೆಸಿದೆ. 145/80 ಆರ್12. ಅಂದರೆ ಅಗಲ 145 ಮಿಲಿಮೀಟರ್, ಟೈರಿನ ಬದಿಯ ಎತ್ತರ ಆ ಅಗಲದ ಶೇಕಡಾ 80, ರಿಮ್ 12 ಇಂಚು. ಈ ಕಾರಿಗೆ ಕಂಪನಿಯಿಂದ ಬರೋದು 145/70. ಹಿಂದಿನ ಓನರ್ ಆಲ್ಟೋದ ಸೈಜ್ ಹಾಕಿಸಿದ್ದರು. ಲೆಕ್ಕ ಹಾಕಿದರೆ 508 ಮಿಲಿಮೀಟರ್ ವ್ಯಾಸ ಇರಬೇಕಾದ ಚಕ್ರ 537 ಆಗಿತ್ತು, ಅಂದರೆ ಸುಮಾರು ಶೇಕಡಾ 5.7 ದೊಡ್ಡದು. ಒಂದು ಸುತ್ತಿಗೆ ಕಾರು ಒಂಬತ್ತು ಸೆಂಟಿಮೀಟರ್ ಜಾಸ್ತಿ ಹೋಗುತ್ತದೆ. ಪಾಪ, ಸುತ್ತುಗಳನ್ನಷ್ಟೇ ಲೆಕ್ಕ ಹಾಕುವ ಮೀಟರಿಗೆ ಅದು ಹೇಗೆ ಗೊತ್ತಾಗಬೇಕು?

ಕಡಿಮೆ ಸ್ಪೀಡಿನಲ್ಲಿ ಮುಳ್ಳು ಕುಣಿಯುತ್ತಿತ್ತು, ಅದು ಬೇರೆ ತೊಂದರೆ. ಕೇಬಲ್ ಒಳಗಿನ ತಂತಿ ಎಳೆದು ತೆಗೆದೆ. ಕಪ್ಪಗೆ, ಒಣಗಿಹೋಗಿತ್ತು. ಸೀಮೆಎಣ್ಣೆಯಲ್ಲಿ ತೊಳೆದು ತೆಳುವಾಗಿ ಗ್ರೀಸ್ ಸವರಿದೆ. ಮೀಟರ್ ಕಡೆಯ ಒಂದು ಗೇಣು ಮಾತ್ರ ಸವರಲಿಲ್ಲ. ಅಲ್ಲಿ ಗ್ರೀಸ್ ಹಚ್ಚಿದರೆ ತಿರುಗುತ್ತಾ ತಿರುಗುತ್ತಾ ಮೇಲೆ ಹತ್ತಿ ಮೀಟರಿನೊಳಗೆ ಸೇರಿಕೊಳ್ಳುತ್ತದೆ.

ಟೈರು ಹೇಗೂ ಸವೆದಿದ್ದವು. ನಾಲ್ಕೂ 145/70 ಹಾಕಿಸಿ ಅದೇ ಕಲ್ಲುಗಳ ನಡುವೆ ಮತ್ತೆ ಓಡಿಸಿದೆ. ಓಡೋಮೀಟರ್ ಹತ್ತಕ್ಕೆ ಹತ್ತು. ಮುಳ್ಳು 60ರಲ್ಲಿ ಅಲುಗಾಡದೆ ನಿಂತಿತ್ತು, ಮೊಬೈಲಿನಲ್ಲಿ 59.