ಎಕೋದಲ್ಲಿ ಹೃದಯದ ಗಡ್ಡೆ: ಮೊದಲು ತೊಟ್ಟು ಹುಡುಕಿ

ಎಕೋದಲ್ಲಿ (ಶಬ್ದತರಂಗದಿಂದ ಮಾಡುವ ಹೃದಯ ಪರೀಕ್ಷೆ) ಎಡ ಹೃತ್ಕರ್ಣದಲ್ಲಿ, ಅಂದರೆ ಹೃದಯದ ಎಡ ಮೇಲಿನ ಕೋಣೆಯಲ್ಲಿ, ಉಂಡೆಯಂಥದ್ದು ಓಲಾಡುವುದು ಕಂಡ ಕೂಡಲೇ ಅಳತೆಗೆ ಇಳಿಯಬೇಡಿ. ಅದು ಎಲ್ಲಿ ಅಂಟಿಕೊಂಡಿದೆ ನೋಡಿ. ಮಿಕ್ಸೋಮಾವೋ (ಹೃದಯದೊಳಗೆ ಬೆಳೆಯುವ, ಕ್ಯಾನ್ಸರ್ ಅಲ್ಲದ ಗಡ್ಡೆ) ರಕ್ತದ ಹೆಪ್ಪೋ ಎಂಬ ಪ್ರಶ್ನೆಗೆ ಅರ್ಧ ಉತ್ತರ ಆ ಬುಡದಲ್ಲೇ ಇರುತ್ತದೆ.

ರೋಗಿಯನ್ನು ಎಡಮಗ್ಗುಲಿಗೆ ಮಲಗಿಸಿ, ಇಸಿಜಿ ತಂತಿ ಜೋಡಿಸಿ. ವಯಸ್ಕರಿಗೆ 2–5 ಮೆಗಾಹರ್ಟ್ಸ್ ಪ್ರೋಬ್ (ಎದೆಯ ಮೇಲಿಡುವ, ಶಬ್ದತರಂಗ ಬಿಡುವ ಉಪಕರಣ). ಪ್ಯಾರಾಸ್ಟರ್ನಲ್ (ಎದೆಮೂಳೆಯ ಪಕ್ಕದ) ನೋಟಗಳನ್ನು ಮುಗಿಸಿ ಏಪಿಕಲ್ (ಹೃದಯದ ತುದಿಯಿಂದ ನೋಡುವ) ನಾಲ್ಕು ಕೋಣೆಗಳ ನೋಟಕ್ಕೆ ಬನ್ನಿ. ಸೆಕ್ಟರ್ (ಪರದೆಯ ಮೇಲಿನ ಬೀಸಣಿಗೆಯಾಕಾರದ ಚಿತ್ರ) ಕಿರಿದಾಗಿಸಿದರೆ ಫ್ರೇಮ್ ರೇಟ್ (ಸೆಕೆಂಡಿಗೆ ಸಿಗುವ ಚಿತ್ರಗಳ ಸಂಖ್ಯೆ) ಏರಿ, ಅಲ್ಲಾಡುವ ಅಂಚು ಸ್ಪಷ್ಟವಾಗುತ್ತದೆ. ಗೇನ್ (ಮರಳಿ ಬಂದ ಪ್ರತಿಧ್ವನಿಯನ್ನು ಹಿಗ್ಗಿಸುವ ಮಟ್ಟ) ಅತಿಯಾದರೆ ಇಲ್ಲದ ಗಡ್ಡೆ ಹುಟ್ಟುತ್ತದೆ. ತೀರಾ ಇಳಿಸಿದರೆ ಮೆತ್ತನೆಯ ಮಿಕ್ಸೋಮಾ ಕಾಣದೇ ಹೋಗುತ್ತದೆ.

ಏಪಿಕಲ್ ನೋಟದಲ್ಲಿ ಎರಡು ಹೃತ್ಕರ್ಣಗಳ ನಡುವಿನ ಗೋಡೆ ಶಬ್ದತರಂಗಕ್ಕೆ ಸಮಾನಾಂತರವಾಗಿರುವುದರಿಂದ, ಗಡ್ಡೆಯನ್ನು ಗೋಡೆಗೆ ಹಿಡಿದಿರುವ ತೊಟ್ಟು ಮಸುಕಾಗುತ್ತದೆ. ಆದ್ದರಿಂದ ಸಬ್‌ಕಾಸ್ಟಲ್ (ಪಕ್ಕೆಲುಬಿನ ಕೆಳಗಿನಿಂದ ನೋಡುವ) ನೋಟ ಬಿಡಲೇಬಾರದು. ರೋಗಿ ಅಂಗಾತ ಮಲಗಿ, ಮಂಡಿ ಮಡಿಸಿ, ಉಸಿರೆಳೆದು ಹಿಡಿಯಲಿ. ಈಗ ತರಂಗ ಗೋಡೆಗೆ ಹೆಚ್ಚುಕಡಿಮೆ ಲಂಬ. ಫೋಸಾ ಓವಾಲಿಸ್ (ಆ ಗೋಡೆಯಲ್ಲಿನ ತೆಳುವಾದ ತಗ್ಗು) ಬಳಿಯಿಂದ ತೊಟ್ಟು ಹೊರಟಿದ್ದರೆ ಮಿಕ್ಸೋಮಾದ ಸಾಧ್ಯತೆ ಹೆಚ್ಚು. ಅಲ್ಲಿಂದಲೇ ಇನ್ಫೀರಿಯರ್ ವೀನಾ ಕೇವಾವನ್ನೂ (ದೇಹದ ಕೆಳಭಾಗದ ರಕ್ತವನ್ನು ಹೃದಯಕ್ಕೆ ತರುವ ದೊಡ್ಡ ಸಿರೆ) ನೋಡಿ: ಮೂತ್ರಪಿಂಡದ ಕ್ಯಾನ್ಸರ್ ಆ ದಾರಿಯಲ್ಲಿ ಬಲ ಹೃತ್ಕರ್ಣಕ್ಕೆ ಏರಿ ಬರುವುದುಂಟು.

ನಮ್ಮಲ್ಲಿ ರುಮ್ಯಾಟಿಕ್ ಮಿಟ್ರಲ್ ಸ್ಟೆನೋಸಿಸ್ (ರುಮ್ಯಾಟಿಕ್ ಜ್ವರದಿಂದ ಮಿಟ್ರಲ್ ಕವಾಟ ಕಿರಿದಾಗಿ, ಎಡ ಹೃತ್ಕರ್ಣದಲ್ಲಿ ರಕ್ತ ನಿಲ್ಲುವ ಕಾಯಿಲೆ) ಇನ್ನೂ ಇರುವುದರಿಂದ ಹೆಪ್ಪಿನ ಗೊಂದಲ ನಿಜವಾದದ್ದು. ಹಿಗ್ಗಿದ ಹೃತ್ಕರ್ಣ, ಏಟ್ರಿಯಲ್ ಫಿಬ್ರಿಲೇಶನ್ (ಹೃತ್ಕರ್ಣದ ಅಡ್ಡಾದಿಡ್ಡಿ ಮಿಡಿತ), ಹೊಗೆಯಂತೆ ಸುತ್ತುವ ರಕ್ತ, ಹಿಂಗೋಡೆಗೋ ಹೃತ್ಕರ್ಣದ ಪುಟ್ಟ ಚೀಲವಾದ ಅಪೆಂಡೇಜ್‌ಗೋ ಅಗಲವಾಗಿ ಅಂಟಿದ ಮುದ್ದೆ ಇವೆಲ್ಲ ಸೇರಿದರೆ ಹೆಪ್ಪು ಎಂದೇ ಮೊದಲು ಎಣಿಸಿ. ತೊಟ್ಟಿರುವ ಹೆಪ್ಪೂ ಉಂಟು, ತೊಟ್ಟಿಲ್ಲದ ಮಿಕ್ಸೋಮಾವೂ ಉಂಟು. ಅನುಮಾನ ಉಳಿದರೆ ಕಾಂಟ್ರಾಸ್ಟ್ (ಎಕೋದಲ್ಲಿ ಹೊಳೆಯುವ ಸೂಕ್ಷ್ಮ ಗುಳ್ಳೆಗಳ ಚುಚ್ಚುಮದ್ದು) ಕೊಡಿ. ರಕ್ತನಾಳಗಳಿರುವ ಗಡ್ಡೆಯೊಳಗೆ ಗುಳ್ಳೆಗಳು ತುಂಬಿಕೊಳ್ಳುತ್ತವೆ, ಹೆಪ್ಪು ಕಪ್ಪಾಗಿಯೇ ಇರುತ್ತದೆ. ಮಿಕ್ಸೋಮಾದಲ್ಲಿ ತುಂಬುವಿಕೆ ಅಲ್ಪವೇ.

ಮೋಸ ಮಾಡುವವುಗಳ ಮುಖ ಪರಿಚಯವಿರಲಿ. ಅಪೆಂಡೇಜ್ ಮತ್ತು ಎಡ ಮೇಲ್ಭಾಗದ ಪಲ್ಮನರಿ ವೇನ್ (ಶ್ವಾಸಕೋಶದಿಂದ ರಕ್ತ ತರುವ ಸಿರೆ) ನಡುವಿನ ಏಣನ್ನು ಗಡ್ಡೆಯೆಂದು ಬರೆದುಬಿಡುವುದು ಸುಲಭ. ಹಯಾಟಸ್ ಹರ್ನಿಯಾ (ವಪೆಯ ಕಿಂಡಿಯಿಂದ ಎದೆಯೊಳಗೆ ನುಗ್ಗಿದ ಜಠರ) ಹಿಂದಿನಿಂದ ಒತ್ತಿದರೂ ಗಡ್ಡೆಯಂತೆಯೇ ಕಾಣುತ್ತದೆ: ಸೋಡಾ ಕುಡಿಸಿ, ಒಳಗೆ ಗುಳ್ಳೆ ಮಿನುಗಿದರೆ ಅದು ಜಠರ.

ಚಿತ್ರ ಸಾಲದಿದ್ದರೆ ಟಿಇಇ (ಅನ್ನನಾಳಕ್ಕೆ ಪ್ರೋಬ್ ಇಳಿಸಿ ಮಾಡುವ ಎಕೋ). ಆರು ಗಂಟೆ ಉಪವಾಸವಿರಲಿ. ನುಂಗಲು ತೊಂದರೆ ಇದೆಯೇ ಎಂದು ಪ್ರೋಬ್ ಇಳಿಸುವ ಮೊದಲೇ ಕೇಳಿ.

ವರದಿಯಲ್ಲಿ ಎರಡು ಸಮತಲಗಳ ಅಳತೆ, ಬುಡದ ಜಾಗ, ವಿಕಸನದಲ್ಲಿ (ಹೃದಯ ಸಡಿಲಗೊಂಡು ರಕ್ತ ತುಂಬಿಕೊಳ್ಳುವಾಗ) ಗಡ್ಡೆ ಮಿಟ್ರಲ್ ಕವಾಟ ದಾಟುತ್ತದೆಯೇ, ಸರಾಸರಿ ಗ್ರೇಡಿಯೆಂಟ್ (ಕವಾಟದ ಎರಡು ಬದಿಗಳ ಒತ್ತಡದ ವ್ಯತ್ಯಾಸ) ಎಷ್ಟು ಎಂಬುದಿರಲಿ. ಉಳಿದ ಮೂರು ಕೋಣೆಗಳನ್ನೂ ನೋಡಿಯೇ ಸಹಿ ಮಾಡಿ. ಅಲ್ಲಾಡುವ ಗಡ್ಡೆಯ ಚೂರು ಮೆದುಳಿಗೆ ಹಾರಬಹುದಾದ್ದರಿಂದ ಶಸ್ತ್ರಚಿಕಿತ್ಸಕರಿಗೆ ಅಂದೇ ಫೋನ್ ಮಾಡಿ.